ಚಹಾ ಬಿಟ್ಟ ಅತ್ತೆಗೆ ನಾನು ಮಾಡಿಕೊಟ್ಟ ಕಷಾಯ

ಮೊನ್ನೆ ರಜೆಗೆ ಬಂದಿದ್ದ ಮಗಳು ಹೋಗುವಾಗ ನಮ್ಮ ಫ್ರಿಜ್ಜಿನಲ್ಲಿ ಯಾವುದೋ ಪಾನೀಯದ ಒಂದು ತಗಡಿನ ಡಬ್ಬಿ ಮರೆತು ಹೋಗಿದ್ದಾಳೆ. ಕುಡಿದರೆ ಹುರುಪು ಬರುತ್ತದಂತೆ. ನಾನು ಜೀವಮಾನವಿಡೀ ಮಾಸ್ತರಿಕೆ ಮಾಡಿದವನು. ಕೈಗೆ ಸಿಕ್ಕ ಅಕ್ಷರವನ್ನು ಓದದೆ ಬಿಡುವ ಚಾಳಿ ಇಲ್ಲ. ಚುರುಮುರಿ ಕಟ್ಟಿದ ಕಾಗದವನ್ನೂ ಬಿಡಿಸಿ ಓದಿದವನಿಗೆ ಡಬ್ಬಿ ಯಾವ ಲೆಕ್ಕ? ಕನ್ನಡಕ ಸಾಲದೆ ಭೂತಗನ್ನಡಿ ಹಿಡಿದು ಓದಿದೆ. ಎಲ್ಲಕ್ಕಿಂತ ಕೆಳಗೆ, ಇರುವೆಗಳಿಗೆ ಮಾತ್ರ ಅನುಕೂಲವಾಗುವಷ್ಟು ಸಣ್ಣ ಅಕ್ಷರದಲ್ಲಿ, ಇದರಲ್ಲಿ ಕೆಫೀನ್ ಇದೆ, ಮಕ್ಕಳಿಗೆ, ಗರ್ಭಿಣಿಯರಿಗೆ, ಕೆಫೀನ್ ಒಗ್ಗದವರಿಗೆ ಇದು ತಕ್ಕುದಲ್ಲ, ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕುಡಿಯಬೇಡಿ ಎಂದು ಬರೆದಿತ್ತು.

ಓದಿ, ‘ನಮ್ಮ ಕಾಲಕ್ಕೆ ಇದನ್ನೆಲ್ಲ ಯಾರು ಬರೆಯುತ್ತಿದ್ದರು, ಬರೆದಿದ್ದರೆ ನಾನೇಕೆ ಹಾಗೆ ಮಾಡುತ್ತಿದ್ದೆ’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ನೋಡಿದೆ. ಮನಸ್ಸು ಒಪ್ಪಲಿಲ್ಲ. ಏಕೆಂದರೆ ನನಗೆ ಗೊತ್ತಿತ್ತು. ಡಬ್ಬಿಯ ಮೇಲೆ ಬರೆದಿರಲಿಲ್ಲ ಅಷ್ಟೆ. ಇಷ್ಟು ವರ್ಷ ಯಾರಿಗೂ, ಹೆಂಡತಿಗೂ ಹೇಳದ ಮಾತಿದು. ನೀವು ಹೊರಗಿನವರು, ನಿಮ್ಮ ಮುಂದೆ ಹೇಳಿದರೆ ನಾಚಿಕೆ ಸ್ವಲ್ಪ ಕಡಿಮೆಯಾದೀತು ಎಂಬ ಆಸೆ.

ನಮ್ಮದು ನಿಪ್ಪಾಣಿ ಕಡೆಯ, ಭೋಜದ ಹತ್ತಿರದ ಒಂದು ಹಳ್ಳಿ. ನಮ್ಮ ಕಡೆ ಚಹಾ ಎಂದರೆ ಪಂಚಪ್ರಾಣ. ಮನೆಗೆ ಬಂದವರಿಗೆ ನೀರು ಕೊಡುವುದು ಮರೆತರೂ ನಡೆದೀತು, ಚಹಾ ಮರೆತರೆ ಬೀಗತನ ಮುರಿದೀತು. ಕಾಫಿ ಮಾತ್ರ ನಮಗೆ ಪರದೇಶಿ. ಅದು ಒಂದೋ ಔಷಧ, ಇಲ್ಲವೋ ಸಾಹೇಬರ ಸೊಕ್ಕು. ಹೊಟ್ಟೆ ಕೆಟ್ಟಾಗ ಕರಿ ಕಾಫಿಗೆ ಲಿಂಬೆಹಣ್ಣು ಹಿಂಡಿ ಕುಡಿಸುತ್ತಿದ್ದರು. ಚಿಕ್ಕೋಡಿಯ ಕಚೇರಿಗಳಿಗೆ ಮೈಸೂರು ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗಳು ಮೊದಲ ವಾರ ‘ಇಲ್ಲಿ ಒಳ್ಳೆ ಕಾಫಿ ಎಲ್ಲಿ ಸಿಗುತ್ತೆ’ ಎಂದು ಕೇಳಿ, ಎರಡನೆಯ ವಾರ ಚಹಾ ಕುಡಿಯಲು ಕಲಿತು, ಮೂರನೆಯ ವಾರ ಮತ್ತೆ ವರ್ಗಕ್ಕೆ ಅರ್ಜಿ ಹಾಕುತ್ತಿದ್ದರು. ರಾಯಬಾಗದಲ್ಲಿ ಒಮ್ಮೆ ನಾನು ಹೋಟೆಲ್ಲೊಂದರಲ್ಲಿ ಕಾಫಿ ಕೇಳಿದೆ. ಬಂದದ್ದು ಸುಟ್ಟ ಹುಣಸೆಬೀಜದ ವಾಸನೆ ಹೊಡೆಯುತ್ತಿತ್ತು. ‘ಇದು ಕಾಫೀನ ಏನ್ರಿ?’ ಎಂದರೆ ಮಾಲೀಕ, ‘ಕರ್ರಗ ಐತಿಲ್ರಿ? ಬಿಸಿ ಐತಿಲ್ರಿ? ಮತ್ತೇನ ಬೇಕ್ರಿ ನಿಮಗ?’ ಎಂದು ನನ್ನನ್ನೇ ಜಾಡಿಸಿದ.

ಅಂಥ ಊರಿಗೆ ನಾನು ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯ ಕೊನೆಯಲ್ಲಿ, ಮೈಸೂರಿನಲ್ಲಿ ಒಂದು ವರ್ಷ ಶಿಕ್ಷಕರ ತರಬೇತಿ ಮುಗಿಸಿಕೊಂಡು, ಟ್ರಂಕಿನಲ್ಲಿ ಹಿತ್ತಾಳೆಯ ಫಿಲ್ಟರು, ಎರಡು ಸೇರು ಕಾಫಿಪುಡಿ ಮತ್ತು ತಲೆತುಂಬ ಠೇಂಕಾರ ತುಂಬಿಕೊಂಡು ಬಂದಿಳಿದೆ. ಮಾತಿನ ಕೊನೆಗೆ ‘ಕಣ್ರೀ’ ಸೇರಿಸಲು ಕಲಿತಿದ್ದೆ. ಅವ್ವ, ‘ಇಂವಗ ಏನಾಗೇತಿ?’ ಎಂದು ದೃಷ್ಟಿ ತೆಗೆದಳು. ನಮ್ಮದು ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಜೈನರ ಮನೆ. ಅಂಥ ಮನೆಯಲ್ಲಿ ಕುಳಿತು ನಾನು, ಸೋಸುವುದು ಎಂದರೇನೆಂದು ನಿಮಗೆ ಗೊತ್ತಿಲ್ಲ ಎನ್ನುವ ಗತ್ತಿನಲ್ಲಿ ದಿನಾ ಬೆಳಿಗ್ಗೆ ಡಿಕಾಕ್ಷನ್ ಇಳಿಸುತ್ತಿದ್ದೆ.

ಮೈಸೂರಿನ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಅಲ್ಲಿಗೆ ಹೋದ ಮೊದಲ ವಾರ ಕಾಫಿಯ ರುಚಿ ಹತ್ತಿ, ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಾಲ್ಕು ಲೋಟ ಏರಿಸಿ ತರಗತಿಗೆ ಹೋಗಿದ್ದೆ. ಎದೆ ಡವಡವ, ಕೈ ಗಡಗಡ, ಅಂಗೈ ತುಂಬ ಬೆವರು. ಮುಂದಿನ ಬೆಂಚಿನಲ್ಲಿ ಒಬ್ಬಳು ಉದ್ದ ಜಡೆಯ ಹುಡುಗಿ ಕೂತಿದ್ದಳು. ಇದು ಪ್ರೇಮವೇ ಎಂದು ತೀರ್ಮಾನಿಸಿ, ಕೋಣೆಗೆ ಬಂದು ಹಾಸನದ ನನ್ನ ಜೊತೆಗಾರನಿಗೆ ಹೇಳಿಕೊಂಡೆ. ಅವನು ಬಿದ್ದು ಬಿದ್ದು ನಕ್ಕು, ‘ಪ್ರೇಮ ಅಲ್ಲ ಕಣೋ, ಕಾಫಿ. ಬರೀ ಹೊಟ್ಟೇಲಿ ಅಷ್ಟು ಕುಡಿದ್ರೆ ಆನೇಗೂ ಎದೆ ಹೊಡ್ಕೊಳ್ಳುತ್ತೆ. ಇನ್ಮೇಲೆ ತಿಂಡಿ ತಿಂದು ಕುಡಿ’ ಎಂದ. ಜಡೆಯ ಹುಡುಗಿಯ ಮೇಲಿನ ಪ್ರೇಮ ಮಧ್ಯಾಹ್ನದ ಊಟದ ಹೊತ್ತಿಗೆ ಇಳಿದುಹೋಯಿತು. ಪಾಠ ಮಾತ್ರ ನೆನಪಿನಲ್ಲಿ ಉಳಿಯಿತು. ನನಗೆ ಗೊತ್ತಿತ್ತು ಎಂದೆನಲ್ಲ, ಹೀಗೆ ಗೊತ್ತಿತ್ತು.

ಇನ್ನು ಚಂಪಾ ಅತ್ತೆ. ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ನಮ್ಮನ್ನೆಲ್ಲ ಎತ್ತಿ ಆಡಿಸಿದವಳು, ಬೈದವಳು, ಪರೀಕ್ಷೆಯ ದಿನ ಕೈಯಲ್ಲಿ ಮೊಸರು ಸಕ್ಕರೆ ಇಟ್ಟವಳು. ಅರವತ್ತರ ಹತ್ತಿರದ ಗಟ್ಟಿ ಜೀವ. ಅವಳಿಗೆ ಎರಡೇ ಗೀಳು, ಒಂದು ಬಸ್ತಿ, ಇನ್ನೊಂದು ಚಹಾ. ಬಸ್ತಿ ಎಂದರೆ ನಮ್ಮ ಕಡೆಯ ಜಿನಮಂದಿರ. ಚಹಾ ಎಂದರೆ ದಿನಕ್ಕೆ ಎಂಟು ಬಸಿ. ಕಪ್ಪಿನಿಂದ ಬಸಿಗೆ ಸುರಿದು, ಕಣ್ಣು ಮುಚ್ಚಿ ಸುರ್ರೆಂದು ಎಳೆದಳೆಂದರೆ ಹಿತ್ತಲಿನ ಎಮ್ಮೆ ಕಿವಿ ನಿಮಿರಿಸುತ್ತಿತ್ತು.

ಆ ವರ್ಷ ನಮ್ಮ ಊರಿನ ಬಸ್ತಿಗೆ ಒಬ್ಬ ಮುನಿಮಹಾರಾಜರು ಚಾತುರ್ಮಾಸಕ್ಕೆ ಬಂದರು. ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುವ ವ್ರತ ಅದು. ಆಗ ಊರವರೂ ಅವರ ಮುಂದೆ ಕೈಮುಗಿದು, ದೀಪಾವಳಿಯವರೆಗೆ ಯಾವುದಾದರೂ ಒಂದು ವಸ್ತು ಬಿಡುತ್ತೇವೆಂದು ನಿಯಮ ತೆಗೆದುಕೊಳ್ಳುತ್ತಾರೆ. ಇದರಲ್ಲೂ ಜಾಣರಿರುತ್ತಾರೆ. ನಮ್ಮ ಚಿಕ್ಕಪ್ಪ ಹಾಗಲಕಾಯಿ ಬಿಟ್ಟ. ಅವನು ಹುಟ್ಟಿದಾಗಿನಿಂದ ಅದನ್ನು ತಿಂದವನೇ ಅಲ್ಲ. ನಾನು ಹಲಸಿನಹಣ್ಣು ಬಿಟ್ಟೆ. ನಮ್ಮ ಊರಿನಲ್ಲಿ ಅದು ಸಿಗುವುದೇ ಇಲ್ಲ. ಚಂಪಾ ಅತ್ತೆ ಮುಂದೆ ಹೋಗಿ, ಸೆರಗು ಹೊದ್ದು, ‘ಚಾ ಬಿಟ್ಟೀನ್ರಿ ಮಹಾರಾಜ್’ ಎಂದಳು. ಹೆಂಗಸರ ಸಾಲಿನಲ್ಲಿ ‘ಅಯ್ಯ!’ ಎಂಬ ಉದ್ಗಾರ ಕೇಳಿಸಿತು. ಮಹಾರಾಜರೇ, ‘ಯೋಚನಿ ಮಾಡಿ ಹೇಳವ್ವ, ನಾಕ ತಿಂಗಳ ಐತಿ’ ಎಂದರು. ‘ಮಾಡೇನ್ರಿ’ ಎಂದಳು.

ಮೂರನೆಯ ದಿನ ಅವಳಿಗೆ ತಲೆಶೂಲೆ ಹಿಡಿಯಿತು. ಹಣೆಗೆ ಬಟ್ಟೆ ಬಿಗಿದು, ಶುಂಠಿ ತೇಯ್ದು ಹಚ್ಚಿಕೊಂಡು, ಗೋಡೆಗೆ ಮುಖ ಮಾಡಿ ಮಲಗಿದಳು. ಅವ್ವ, ‘ಅಕ್ಕಾರ, ಮಹಾರಾಜರಿಗೆ ಹೇಳಿ ನಿಯಮ ಬದಲ ಮಾಡ್ಕೋರಿ’ ಎಂದರೆ, ‘ಚಾಕ್ಕಿಂತ ಸಣ್ಣಾಕಿ ಆಗ್ಲೇನವಾ ನಾ?’ ಎಂದಳು.

ಆಗ ನಾನು ಏನು ಮಾಡುತ್ತಿದ್ದೆ? ಏನೂ ಇಲ್ಲ. ನೌಕರಿಯ ಆದೇಶಕ್ಕೆ ಕಾಯುತ್ತ, ಕಾಫಿ ಕುಡಿಯುತ್ತ, ಎಲ್ಲರಿಗೂ ಬುದ್ಧಿ ಹೇಳುತ್ತ ಬಿದ್ದಿದ್ದೆ. ಬುದ್ಧಿ ಹೆಚ್ಚಾದವನು ಸುಮ್ಮನೆ ಕೂಡಲಾರ. ಅತ್ತೆಯ ತಲೆಯ ಹತ್ತಿರ ಹೋಗಿ ಕೂತೆ.

‘ಅತ್ತಿ, ನೀ ಬಿಟ್ಟಿದ್ದೇನು?’

‘ಚಾ.’

‘ಕಾಫಿ ಬಿಟ್ಟಿಯೇನು?’

‘ಅದನ್ನ ಯಾವಾಗ ಹಿಡದೀನಿ, ಬಿಡಾಕ?’

‘ಹಂಗಾರ ಕುಡ್ಯಾಕ ಏನಡ್ಡಿ? ಚಾದ ಗಿಡಾನ ಬ್ಯಾರೆ, ಕಾಫಿ ಗಿಡಾನ ಬ್ಯಾರೆ. ನಿಯಮ ಎಲ್ಲಿ ಮುರೀತು?’

ಅವಳು ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು. ‘ಹೌದಂತಿ ಏನೋ ಜಿನ್ನೂ?’ ಎಂದಳು. ಅವಳು ನನ್ನ ವಾದಕ್ಕೆ ಸೋಲಲಿಲ್ಲ, ತಲೆನೋವಿಗೆ ಸೋತಳು. ಅಷ್ಟಾದರೂ ನನಗೆ ತಿಳಿಯಬೇಕಿತ್ತು. ನಾನೋ, ದೊಡ್ಡ ಮೊಕದ್ದಮೆ ಗೆದ್ದ ವಕೀಲನ ಠೀವಿಯಲ್ಲಿ ಅಡುಗೆಮನೆಗೆ ಹೋಗಿ ಗಟ್ಟಿ ಕಾಫಿ ಮಾಡಿ ತಂದೆ. ಅರ್ಧ ಗಂಟೆಯಲ್ಲಿ ಹಣೆಯ ಬಟ್ಟೆ ಬಿಚ್ಚಿ ಎದ್ದು ಕೂತಳು. ‘ಏನ ಕೊಟ್ಟಿಯೋ?’ ಎಂದು ಅವ್ವ ಬಾಗಿಲಲ್ಲಿ ನಿಂತು ಕೇಳಿದಾಗ, ‘ಕಷಾಯ. ಮೈಸೂರಿನ್ಯಾಗ ಕಲ್ತೀನಿ’ ಎಂದೆ. ನನ್ನ ಕಾಫಿಯ ವಾಸನೆ ಮನೆತುಂಬ ಇದ್ದೇ ಇರುತ್ತಿತ್ತಾದ್ದರಿಂದ ಅವ್ವನಿಗೆ ಸಂಶಯ ಬರಲಿಲ್ಲ.

ಕಾಫಿ ಕುಡಿದರೆ ನಿಯಮ ಮುರಿಯುವುದಿಲ್ಲ ಎಂದು ನಾವಿಬ್ಬರೂ ನಿಜವಾಗಿ ನಂಬಿದ್ದರೆ ಅದನ್ನು ಕಷಾಯ ಎಂದು ಕರೆಯುವ ಅಗತ್ಯವೇನಿತ್ತು? ಈ ಪ್ರಶ್ನೆಯನ್ನು ನಾನು ಆಗ ಕೇಳಿಕೊಳ್ಳಲಿಲ್ಲ. ಅವಳೂ ಕೇಳಲಿಲ್ಲ.

ಒಂದು ಬಸಿ ಎರಡಾಯಿತು, ಎರಡು ನಾಲ್ಕಾಯಿತು. ಫಿಲ್ಟರಿನಿಂದ ಹನಿಹನಿಯಾಗಿ ಇಳಿಯುವ ನಾಜೂಕು ಅತ್ತೆಗೆ ಒಗ್ಗಲಿಲ್ಲ. ‘ಕುದಸ್ಲಿಲ್ಲಂದ್ರ ಕಸುವು ಹೆಂಗ ಬರ್ತೈತಿ?’ ಎಂದು ಚಹಾದ ಪಾತ್ರೆಯಲ್ಲಿ ಕಾಫಿಪುಡಿಯನ್ನು ಚಹಾಪುಡಿಯಂತೆಯೇ ಹಿಡಿಹಿಡಿ ಸುರಿದು, ಬೆಲ್ಲ ಹಾಕಿ, ಮೂರು ಉಕ್ಕು ಬರುವವರೆಗೆ ತಾನೇ ಕುದಿಸಿಕೊಂಡಳು. ನಾನು ನೋಡಿ ನಕ್ಕೆ. ಮೈಸೂರಿನವರು ಕಂಡರೆ ಮೂರ್ಛೆ ಹೋಗುತ್ತಾರೆ ಎಂದು ತಮಾಷೆ ಮಾಡಿದೆ. ಇಷ್ಟು ಗಟ್ಟಿ ಕುಡಿಯಬಾರದು ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ನನ್ನ ಮಾತು ಕೇಳುತ್ತಿದ್ದಳು.

ಊರಲ್ಲಿ ಅವಳ ಹೆಸರು ಬೆಳೆಯಿತು. ಚಹಾ ಬಿಟ್ಟು ನಗುನಗುತ್ತಾ ಓಡಾಡುವ ಚಂಪಕ್ಕನನ್ನು ನೋಡಲು ಓಣಿಯ ಹೆಂಗಸರು ಬರುತ್ತಿದ್ದರು. ಪ್ರವಚನದಲ್ಲಿ ಮಹಾರಾಜರು ಒಮ್ಮೆ, ‘ಮನಸ್ಸ ಗಟ್ಟಿ ಇದ್ರ ಆ ತಾಯಿಯಂಗ ಬಿಡಬೇಕು’ ಎಂದರು. ಅತ್ತೆ ತಲೆ ತಗ್ಗಿಸಿದಳು. ಸಂಕೋಚ ಎಂದು ಎಲ್ಲರೂ ತಿಳಿದರು. ಆ ಸಂಜೆ ಅವಳು, ‘ಜಿನ್ನೂ, ಬ್ಯಾಡ ಬಿಡಪಾ ಇನ್ನ’ ಎಂದಳು. ‘ಮತ್ತ ತಲಿ ನೋಯ್ತೈತಿ ನೋಡ’ ಎಂದು ಹೆದರಿಸಿದವನು ನಾನೇ. ಕಾಫಿಗೊಂದು ಜೊತೆ ಸಿಕ್ಕಿದ್ದು ತಪ್ಪಿಹೋಗುತ್ತದಲ್ಲ ಎಂಬ ಸ್ವಾರ್ಥ.

ಭಾದ್ರಪದ ಬಂತು. ದಶಲಕ್ಷಣ ಪರ್ವದ ಹತ್ತು ದಿನ ನಮ್ಮಲ್ಲಿ ಅನೇಕರು ಏಕಾಶನ ಮಾಡುತ್ತಾರೆ. ಅಂದರೆ ದಿನಕ್ಕೆ ಒಂದೇ ಸಲ ಕೂತು ಉಣ್ಣುವುದು. ನೀರು ಕೂಡ ಆಗಲೇ ಕುಡಿದು ಏಳಬೇಕು, ಎದ್ದ ಮೇಲೆ ಮರುದಿನದವರೆಗೆ ಏನೂ ಇಲ್ಲ. ಅತ್ತೆ ಇಪ್ಪತ್ತೆರಡು ವರ್ಷಗಳಿಂದ ಒಂದು ದಿನವೂ ತಪ್ಪದೆ ಮಾಡಿಕೊಂಡು ಬಂದ ವ್ರತ ಅದು. ಗಂಡ ಸತ್ತ ಮೇಲೆ ಅವಳದೇ ಎಂದು ಹೇಳಿಕೊಳ್ಳಲು ಇದ್ದ ಒಂದೇ ಆಸ್ತಿ ಎಂದರೂ ಸರಿ. ಈಗ ತೊಡಕೊಂದು ಬಂತು. ನಾಲ್ಕು ಹೊತ್ತಿನ ಕಾಫಿಯನ್ನು ಒಂದೇ ಹೊತ್ತಿಗೆ ಕುಡಿಯುವುದು ಹೇಗೆ? ಅತ್ತೆಯ ಬಳಿ ಉತ್ತರ ಸಿದ್ಧವಿತ್ತು. ‘ಒಮ್ಮೆ ಕುಂತಾಗ ಎಲ್ಲಾ ಕುಡದ ಏಳೋದು’ ಎಂದಳು. ಒಂದು ತಂಬಿಗೆ ತುಂಬ ಕುದಿಸಿ ಎಲೆಯ ಪಕ್ಕದಲ್ಲಿಟ್ಟುಕೊಂಡಳು. ಬೆಳಗಿನಿಂದ ನೀರಿಲ್ಲದ ಹೊಟ್ಟೆಗೆ ಮೊದಲು ಅದು, ಆಮೇಲೆ ಎರಡು ತುತ್ತು. ಕಾಫಿಗೆ ಹೊಟ್ಟೆ ತುಂಬಿ ಊಟ ಸೇರುತ್ತಿರಲಿಲ್ಲ. ಹಾಸನದವನು ಹೇಳಿದ ಮಾತು ನನಗೆ ನೆನಪಾಗಲಿಲ್ಲವೇ? ಆಯಿತು. ಇರಲಿ, ಇನ್ನು ಕೆಲವೇ ದಿನ ಎಂದುಕೊಂಡೆ.

ಐದನೆಯ ದಿನಕ್ಕೆ ಕೈ ನಡುಗತೊಡಗಿತು. ಅರ್ಚನೆಯ ಅಕ್ಕಿ ಬೆರಳ ಸಂದಿಯಿಂದ ಉದುರುತ್ತಿತ್ತು. ರಾತ್ರಿ ನಿದ್ದೆ ಇಲ್ಲ ಎಂದಳು. ಏಳನೆಯ ದಿನ ಊಟ ಮಾಡಿ ಎದ್ದವಳು ಬಾಗಿಲ ಚೌಕಟ್ಟು ಹಿಡಿದು ನಿಂತು, ‘ತಂಗಿ, ಎದಿಯಾಗ ಏನೋ ಓಡಾಕತ್ತೈತಿ’ ಎಂದು ಅವ್ವನನ್ನು ಕರೆದು, ವಾಂತಿ ಮಾಡಿಕೊಂಡು ಕುಸಿದಳು.

ಟೆಂಪೊ ಮಾಡಿಕೊಂಡು ನಿಪ್ಪಾಣಿಯ ಡಾಕ್ಟರ ಹತ್ತಿರ ಕರೆದೊಯ್ದೆವು. ಒಳ್ಳೆಯ ಮನುಷ್ಯ, ಅವಸರ ಮಾಡದವರು. ನಾಡಿ ಹಿಡಿದು, ಎದೆ ನೋಡಿ, ‘ಭಾಳ ಜೋರ ಬಡ್ಯಾಕತ್ತೈತಲ್ರಿ. ಚಾ-ಗೀ ಹೆಚ್ಚ ಕುಡೀತಾರೇನು?’ ಎಂದು ಕೇಳಿದರು.

ಅಪ್ಪ ಅಂಥ ಸಂಕಟದಲ್ಲೂ ಎದೆ ಸೆಟೆಸಿ, ‘ಇಲ್ರಿ ಡಾಕ್ಟರ್, ಚಾತುರ್ಮಾಸಕ್ಕಂತ ಚಾ ಬಿಟ್ಟಾಳ್ರಿ ನಮ್ಮಕ್ಕ’ ಎಂದ.

‘ಮತ್ತ ಏನರ ಔಷಧ?’

‘ಬರೀ ಕಷಾಯ್ರಿ’ ಎಂದಳು ಅವ್ವ. ‘ಇಂವ ಕಲಿಸಿಕೊಟ್ಟಾನ.’

ಡಾಕ್ಟರು ನನ್ನತ್ತ ತಿರುಗಿದರು. ‘ಅದರಾಗ ಏನೇನ ಹಾಕ್ತಾರಪಾ?’

ಮೇಜಿನ ಮೇಲೆ ಮಲಗಿದ್ದ ಅತ್ತೆಯೂ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ನಾನು ಹೇಳಿಬಿಡಲಿ ಎಂದೇ ನೋಡಿದಳು. ಅದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಒಂದೇ ಶಬ್ದ ಸಾಕಿತ್ತು. ಅಪ್ಪ ಅಲ್ಲೇ ನಿಂತಿದ್ದ, ಅವ್ವ ನಿಂತಿದ್ದಳು, ಟೆಂಪೊದಲ್ಲಿ ಜೊತೆಗೆ ಬಂದ ಚಿಕ್ಕಪ್ಪ ನಿಂತಿದ್ದ.

‘ಶುಂಠಿ, ಕೊತ್ತಂಬರಿ ಬೀಜ, ಜೀರಗಿ’ ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ಒಂದ ಚೂರ ಬೆಲ್ಲ’ ಎಂದೂ ಸೇರಿಸಿದೆ. ಸುಳ್ಳು ಹೇಳುವಾಗ ನಾನು ಎಷ್ಟು ಅಚ್ಚುಕಟ್ಟು ನೋಡಿ.

ಡಾಕ್ಟರು ನಾವು ಹೇಳಿದ್ದನ್ನು ನಂಬಿದರು. ನಂಬದೆ ಇನ್ನೇನು ಮಾಡಿಯಾರು? ‘ಹಂಗಾರ ಇದು ಉಪಾಸದ ಅಶಕ್ತಿ ಅಂತ ಕಾಣಸ್ತೈತಿ. ಈ ವಯಸ್ಸಿನ್ಯಾಗ ಒಪ್ಪತ್ತ ಊಟ ಬ್ಯಾಡ. ಇವತ್ತಿಂದ ಹೊತ್ತಹೊತ್ತಿಗೆ ಉಣಸ್ರಿ. ಆ ಕಷಾಯ ಇರ್ಲಿ, ಏನ ತೊಂದ್ರಿಲ್ಲ’ ಎಂದು ಗುಳಿಗೆ ಬರೆದುಕೊಟ್ಟರು. ತೊಂದರೆ ಇಲ್ಲದ್ದನ್ನು ಬಿಡಿಸಿ ತೊಂದರೆಯನ್ನೇ ಉಳಿಸುವ ಸಲಹೆಯನ್ನು ಆ ಸಜ್ಜನರ ಬಾಯಿಂದ ಹೊರಡಿಸಿದ ಪುಣ್ಯಾತ್ಮ ನಾನು.

ಆ ಸಂಜೆ ಹೊತ್ತು ಮುಳುಗುವ ಮೊದಲು ಅಪ್ಪ ತಾನೇ ತಟ್ಟೆ ಹಿಡಿದು ಅಕ್ಕನ ಮುಂದೆ ಕೂತ. ‘ನನ್ನ ಆಣಿ ಐತಿ, ಉಣ್ಣಕ್ಕಾ’ ಎಂದು ಕಣ್ಣೀರು ಹಾಕಿದ. ಇಪ್ಪತ್ತೆರಡು ವರ್ಷದ ವ್ರತ, ಇನ್ನು ಮೂರೇ ದಿನ ಉಳಿದಿತ್ತು. ಅತ್ತೆ ತಮ್ಮನ ಕೈಯಿಂದ ತುತ್ತು ತೆಗೆದುಕೊಂಡು ನುಂಗಿದಳು. ನನಗೆ ಅಳು ಬಂತು. ಬಂದ ಅಳುವನ್ನು ಮನೆಯವರು ಪ್ರೀತಿ ಎಂದು ತಿಳಿದರು, ನಾನೂ ಹಾಗೇ ತಿಳಿಯಲಿ ಎಂದು ಬಿಟ್ಟೆ.

ಮರುದಿನ ಒಬ್ಬಳೇ ಇದ್ದಾಗ ಹತ್ತಿರ ಹೋದೆ. ಕಾಫಿಯ ಡಬ್ಬಿಯನ್ನು ನನ್ನ ಕಡೆ ದೂಡಿ, ‘ತಗೊಂಡ ಹೋಗ’ ಎಂದಳು. ತಲೆನೋವಿನಿಂದ ಮುಖ ಬಿಗಿದಿತ್ತು. ‘ಡಾಕ್ಟರ್ ಕೇಳಿದಾಗ ಹೇಳಬೇಕಿತ್ತಪಾ.’

‘ನಿನ್ನ ಮಾನ ಹೋಗ್ತಿತ್ತಲ್ಲ ಅತ್ತಿ, ಅದಕ್ಕ ಹೇಳಲಿಲ್ಲ’ ಎಂದೆ.

‘ನಂದೇನು, ನಿಂದೇನು?’ ಎಂದಳು. ಬೈಯಲಿಲ್ಲ, ನಿಜವಾಗಿಯೂ ತಿಳಿಯಲಿಕ್ಕೆ ಕೇಳಿದ ಹಾಗಿತ್ತು. ನಾನು ಡಬ್ಬಿ ಎತ್ತಿಕೊಂಡು ಬಂದೆ.

ಕಾಫಿ ನಿಂತ ಮೇಲೆ ಎರಡು ದಿನ ತಲೆಶೂಲೆ ಅನುಭವಿಸಿದಳು, ಮೂರನೆಯ ದಿನ ಸರಿಹೋದಳು. ಕೈನಡುಕ ಹೋಯಿತು, ನಿದ್ದೆ ಬಂತು. ಡಾಕ್ಟರ ಗುಳಿಗೆಯ ಗುಣ ಎಂದು ಅಪ್ಪ ಹೊಗಳಿದ. ನಾನು ಹೂಂಗುಟ್ಟಿದೆ.

ದಶಲಕ್ಷಣ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ ಎಂದು ಒಂದು ದಿನ ಉಂಟು. ಅಂದು ಎಲ್ಲರೂ ಬಸ್ತಿಯಲ್ಲಿ ಸೇರಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳಬೇಕು. ಸಣ್ಣವರು ದೊಡ್ಡವರನ್ನು, ದೊಡ್ಡವರು ಸಣ್ಣವರನ್ನು. ನಾನೂ ಹೊಸ ಅಂಗಿ ಹಾಕಿಕೊಂಡು ಹೋಗಿ, ನಲವತ್ತು ಜನರಿಗಾದರೂ ಕೈಮುಗಿದು ಕ್ಷಮೆ ಕೇಳಿದೆ. ಅವರಲ್ಲಿ ಮೂವತ್ತೊಂಬತ್ತು ಜನರಿಗೆ ನಾನು ಯಾವ ಅಪರಾಧವನ್ನೂ ಮಾಡಿರಲಿಲ್ಲ. ಅತ್ತೆಗೂ ಅದೇ ಗುಂಪಿನಲ್ಲಿ, ಅದೇ ಓಟದಲ್ಲಿ ಕೈಮುಗಿದು ಮುಂದಿನವರ ಕಡೆ ತಿರುಗಿಬಿಟ್ಟೆ.

ಮಹಾರಾಜರ ಮಾತು ಮುಗಿದು ಜನ ಏಳಬೇಕು ಎನ್ನುವಾಗ ಹೆಂಗಸರ ಸಾಲಿನಿಂದ ಚಂಪಾ ಅತ್ತೆ ಎದ್ದು ನಿಂತಳು.

‘ಮಹಾರಾಜ್, ನಾ ಚಾ ಬಿಟ್ಟೀನಿ ಅಂತ ನೀವು ಹೊಗಳಿದ್ರಿ. ಮಂದಿನೂ ಹೊಗಳ್ಯಾರ. ಚಾ ಬಿಟ್ಟೆ ಖರೆ, ಆದ್ರ ಎರಡ ತಿಂಗಳ ಕಾಫಿ ಕುಡದೀನಿ. ಮನ್ಯಾಗ ಕಷಾಯ ಅಂತ ಹೇಳಿ ಕುಡದೀನಿ. ಏಕಾಶನದಾಗ ತಂಬಗಿ ತುಂಬ ಕುಡದ ಎದಿ ಕೆಡಿಸ್ಕೊಂಡೆ. ಉಪಾಸದಲಿಂದ ಆತು ಅಂತ ಎಲ್ಲಾರೂ ತಿಳದಾರ, ಡಾಕ್ಟರೂ ತಿಳದಾರ. ಉಪಾಸದ ತಪ್ಪಲ್ಲರಿ ಅದು. ಧರ್ಮದ ಮ್ಯಾಲೆ ಯಾಕ ಬರಬೇಕು?’

ಅಪ್ಪನ ಮುಖ ಕೆಂಪಾಯಿತು. ಮಹಾರಾಜರು, ‘ಯಾರರ ಕೊಟ್ಟರೇನವ್ವ ನಿನಗ?’ ಎಂದು ಕೇಳಿದರು.

ಅತ್ತೆ ತಕ್ಷಣ ಉತ್ತರ ಕೊಡಲಿಲ್ಲ. ಗಂಡಸರ ಸಾಲಿನ ಕಡೆ ನೋಡಲೂ ಇಲ್ಲ. ಸುಮ್ಮನೆ ನಿಂತಳು, ಒಬ್ಬ ಮನುಷ್ಯ ಕೂತಲ್ಲಿಂದ ಎದ್ದು ನಿಲ್ಲಲು ಬೇಕಾಗುವಷ್ಟು ಹೊತ್ತು. ಆ ಹೊತ್ತನ್ನು ಅವಳು ನನಗಾಗಿಯೇ ಬಿಟ್ಟಿದ್ದಳು. ನನ್ನ ಮೊಣಕಾಲಿನ ಮೇಲೆ ನನ್ನ ಎರಡೂ ಕೈ ಇದ್ದವು, ಅವು ಅಲ್ಲೇ ಇದ್ದವು.

‘ಯಾರೂ ಕೊಟ್ಟಿಲ್ರಿ’ ಎಂದಳು. ‘ಜಿನ್ನೂ ಕಲಿಸಿದ್ದ ಕಷಾಯಾನ ಖರೆ, ಆದ್ರ ಅವನ ಕಾಫಿ ಡಬ್ಬಿ ಇತ್ತು. ಕೇಳದ ತಗೊಂಡೆ.’

ಕೇಳದೆ ತೆಗೆದುಕೊಳ್ಳುವುದನ್ನು ನಮ್ಮಲ್ಲಿ ಏನೆನ್ನುತ್ತಾರೆಂದು ಅಲ್ಲಿ ಕೂತ ಮಕ್ಕಳಿಗೂ ಗೊತ್ತಿತ್ತು. ಅತ್ತೆ ಜನ್ಮದಲ್ಲಿ ಇನ್ನೊಬ್ಬರ ಹಿತ್ತಲಿನ ಕರಿಬೇವಿನ ಎಸಳನ್ನೂ ಕೇಳದೆ ಕಿತ್ತವಳಲ್ಲ. ನನ್ನ ಪಕ್ಕದಲ್ಲಿದ್ದ ಚಿಕ್ಕಪ್ಪ ಕಿವಿಯಲ್ಲಿ, ‘ಪಾಪ, ನಿನ್ನ ಮ್ಯಾಲೆ ಬರೂದಿತ್ತ ನೋಡ ಇದು’ ಎಂದ.

ಮಹಾರಾಜರು ಮೆತ್ತಗೆ ಹೇಳಿದರು: ‘ನಾಲಿಗಿ ಭಾಳ ಜಾಣ ಐತಿ ತಾಯಿ, ಒಂದ ಬಾಗಲಾ ಮುಚ್ಚಿದ್ರ ಇನ್ನೊಂದ ತಗೀತೈತಿ. ಉಪಾಸ ಬ್ಯಾಡ ನಿನಗ, ಶರೀರ ಮೊದಲ ಸುಧಾರಿಸಲಿ. ಎಂಟ ದಿನ ಸಕ್ಕರಿ ಬೆಲ್ಲ ಬಿಡು, ಸಾಕು. ಇನ್ನ ತಗೊಂಡಿದ್ದರ ಮಾತು. ಯಾರ ವಸ್ತು ಐತಿ, ಅವರ ಹಂತ್ಯಾಕ ಹೋಗಿ ಕ್ಷಮಾ ಕೇಳು.’

ಅತ್ತೆ ಹೆಂಗಸರ ಸಾಲು ದಾಟಿ ನಮ್ಮ ಕಡೆ ಬಂದಳು. ಜನ ದಾರಿ ಬಿಟ್ಟರು. ನನ್ನ ಮುಂದೆ ಬಂದು, ಸೆರಗು ಸರಿಮಾಡಿಕೊಂಡು, ನನ್ನನ್ನು ಎತ್ತಿ ಆಡಿಸಿದ ಎರಡೂ ಕೈ ಜೋಡಿಸಿ, ‘ತಪ್ಪಾತಪಾ ಜಿನ್ನೂ, ಕ್ಷಮಾ ಮಾಡು’ ಎಂದಳು.

ಊರೆಲ್ಲ ನನ್ನನ್ನೇ ನೋಡುತ್ತಿತ್ತು.

‘ಇರ್ಲಿ ಬಿಡು ಅತ್ತಿ’ ಎಂದೆ. ಎಲ್ಲರಿಗೂ ಕೇಳುವ ಹಾಗೆಯೇ ಎಂದೆ.